ಜಗ್ಗಿ ನೋಡುವ ಜೀವಕೋಶ



ಕೊಟ್ಟೂರು ತೇರಿಗೆ ನಡೆದು ಹೋದವರಿಗೆ ಅಂಗಾಲಿನ ಗುಳ್ಳೆಯ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ಮಾಘ ಬಹುಳ ದಶಮಿ ಹತ್ತಿರ ಬಂತೆಂದರೆ ಹರಪನಹಳ್ಳಿ ಕಡೆಯಿಂದ, ಹಗರಿಬೊಮ್ಮನಹಳ್ಳಿ ಕಡೆಯಿಂದ, ದಾವಣಗೆರೆಯಿಂದಲೂ ಜನ ಗುರು ಕೊಟ್ಟೂರೇಶ್ವರನನ್ನು ನೆನೆಯುತ್ತ ಹೆಜ್ಜೆ ಹಾಕುತ್ತಾರೆ. ನಾನು ಮೊದಲ ಸಲ ನಡೆದಾಗ ನನಗೆ ಹದಿನಾರು ವರ್ಷ. ಬರಿಗಾಲು, ಮಧ್ಯಾಹ್ನದ ಡಾಂಬರು ರಸ್ತೆ. ರಾತ್ರಿ ಪೆಂಡಾಲಿನಲ್ಲಿ ಊಟ ಮುಗಿಸಿ ಕಾಲು ಚಾಚಿದರೆ ಹೆಬ್ಬೆರಳಿನ ಬುಡದಲ್ಲಿ ಅಡಿಕೆ ಗಾತ್ರದ ಗುಳ್ಳೆ. ಒತ್ತಿದರೆ ಒಳಗೆ ನೀರು ಆ ಕಡೆ ಈ ಕಡೆ ಹರಿದಾಡುತ್ತಿತ್ತು. ಪಿನ್ನು ಹುಡುಕುತ್ತಿದ್ದ ನನ್ನನ್ನು ಪಕ್ಕದಲ್ಲಿ ಮಲಗಿದ್ದ ಹಿರಿಯರೊಬ್ಬರು ತಡೆದರು. "ಒಡೀಬ್ಯಾಡೋ ತಮ್ಮಾ. ಮ್ಯಾಲಿನ ತೊಗಲು ಅಲ್ಲೇ ಇರ್ಲಿ. ಒಳಗ ಅದರ ಪಾಡಿಗೆ ಅದು ಕೂಡಿಕೆಂತತಿ" ಎಂದರು. ನಾನು ಅವರ ಕಾಲು ನೋಡಿದೆ. ನಡೆದದ್ದು ಅದೇ ದಾರಿ, ಅದೇ ಬಿಸಿಲು. ಅವರ ಅಂಗಾಲಿನಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಜಡ್ಡುಗಟ್ಟಿ ಚಪ್ಪಲಿಯ ಅಟ್ಟೆಯಂತಾಗಿತ್ತು.

ಆ ಎರಡು ಕಾಲುಗಳ ವ್ಯತ್ಯಾಸ ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು. ಆಮೇಲೆ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವ ಕೆಲಸಕ್ಕೆ ಸೇರಿದೆ. ಬೋರ್ಡಿನ ಮೇಲೆ ಚರ್ಮದ ಚಿತ್ರ ಬರೆದು "ಜೀವಕೋಶಗಳು ಇಟ್ಟಿಗೆ ಇದ್ದ ಹಾಗೆ, ಅವುಗಳ ನಡುವೆ ಗಾರೆ ಇದೆ" ಎನ್ನುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಈಗ ಆ ಮಾತನ್ನು ವಾಪಸ್ಸು ಪಡೆಯಬೇಕಾಗಿದೆ. ಗಾರೆಗೆ ಏನೂ ಗೊತ್ತಾಗುವುದಿಲ್ಲ. ಜೀವಕೋಶಗಳ ನಡುವಿನ ಹಿಡಿತಕ್ಕೆ ಗೊತ್ತಾಗುತ್ತದೆ.

ಮೊದಲು ಗುಳ್ಳೆಯನ್ನೇ ನೋಡೋಣ. ಚರ್ಮ ಮಾಂಸದಿಂದ ಬಿಟ್ಟುಬಂದು ಅಲ್ಲಿ ನೀರು ತುಂಬುತ್ತದೆ ಎಂದು ನಾವು ತಿಳಿದಿರುತ್ತೇವೆ. ಆದರೆ ಉಜ್ಜಿ ಬಂದ ಗುಳ್ಳೆಯಲ್ಲಿ ಬಿರುಕು ಬೀಳುವುದು ಹೊರಚರ್ಮದ ಒಳಗೇ, ಮುಳ್ಳುಕೋಶಗಳ ಪದರ ಎಂಬಲ್ಲಿ. ಮೇಲಿನ ಚರ್ಮ ರಸ್ತೆಯನ್ನು ಕಚ್ಚಿ ನಿಂತಿರುತ್ತದೆ, ಒಳಗಿನ ಮೂಳೆ ಮುಂದೆ ಸರಿದಿರುತ್ತದೆ. ನಡುವೆ ಸಿಕ್ಕ ಕೋಶಗಳು ಹೆಜ್ಜೆಹೆಜ್ಜೆಗೂ ಓರೆಯಾಗಿ ಎಳೆಸಿಕೊಳ್ಳುತ್ತವೆ. ಸಾವಿರಾರು ಹೆಜ್ಜೆಯ ಮೇಲೆ ಎಲ್ಲೋ ಒಂದು ಕಡೆ ಹಿಡಿತ ಹರಿದು ನೀರು ನುಗ್ಗುತ್ತದೆ. ಆ ಪದರಕ್ಕೆ ಮುಳ್ಳಿನ ಹೆಸರು ಬಂದದ್ದರಲ್ಲೂ ಒಂದು ಸ್ವಾರಸ್ಯವಿದೆ. ಸೂಕ್ಷ್ಮದರ್ಶಕದಲ್ಲಿ ನೋಡಲು ಚರ್ಮದ ತುಣುಕನ್ನು ಒಣಗಿಸಿ ಹದಮಾಡುವಾಗ ಕೋಶಗಳು ಕುಗ್ಗುತ್ತವೆ. ಕುಗ್ಗಿದರೂ ನೆರೆಯ ಕೋಶವನ್ನು ಹಿಡಿದ ಜಾಗಗಳಲ್ಲಿ ಮಾತ್ರ ಬಿಡುವುದಿಲ್ಲ. ಹಾಗಾಗಿ ಪ್ರತಿ ಕೋಶದ ಸುತ್ತ ಮುಳ್ಳೆದ್ದಂತೆ ಕಾಣುತ್ತದೆ. ಸತ್ತ ಮೇಲೂ ಕೈ ಬಿಡದ ಕೋಶಗಳು!

ಈ ಹಿಡಿತದಲ್ಲಿ ಹಲವು ಬಗೆಗಳಿವೆ. ಈಗ ಹೇಳಿದ ಮುಳ್ಳಿನ ತುದಿಯಲ್ಲಿರುವುದು ಡೆಸ್ಮೋಸೋಮ್, ಬಾಗಿಲಿಗೆ ಹೊಡೆದ ರಿವೆಟ್ಟಿನಂಥದು. ಇನ್ನೊಂದು ಬಗೆಯ ಕೂಡುಗೆ ಕೋಶದ ಒಳಗಿನ ಆಕ್ಟಿನ್ ಎಂಬ ಎಳೆಗಳಿಗೆ ಸೇರಿಕೊಂಡಿದೆ. ಎಳೆತ ಹೇಗೆ ಗೊತ್ತಾಗುತ್ತದೆ ಎಂಬುದು ಚೆನ್ನಾಗಿ ತಿಳಿದುಬಂದಿರುವುದು ಈ ಎರಡನೆಯದರಲ್ಲಿ. ಇವತ್ತಿನ ಮಾತು ಅದರದೇ.

ಈ ಕತೆ ಶುರುವಾದದ್ದು ಒಂದು ಎಡವಟ್ಟಿನಿಂದ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಮಸಾತೊಶಿ ತಾಕೇಚಿ 1970ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಕಾರ್ನೆಗಿ ಸಂಸ್ಥೆಗೆ ಕೆಲಸಕ್ಕೆ ಹೋಗಿದ್ದರು. ಕೋಶಗಳನ್ನು ಬಿಡಿಬಿಡಿ ಮಾಡಲು ಟ್ರಿಪ್ಸಿನ್ ಎಂಬ ಕಿಣ್ವ ಹಾಕುವುದು ರೂಢಿ. ಕ್ಯೋಟೋದಲ್ಲಿ ಹಾಗೆ ಬಿಡಿಸಿದ ಕೋಶಗಳು ಸ್ವಲ್ಪ ಹೊತ್ತಿಗೇ ಮತ್ತೆ ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದವು. ಬಾಲ್ಟಿಮೋರಿನಲ್ಲಿ ಕೂಡಿಕೊಳ್ಳಲೇ ಇಲ್ಲ. ಕೈಗುಣ ಬದಲಾಯಿತೇ? ಬಾಟಲಿ ಹಿಡಿದು ನೋಡಿದರೆ ಅಲ್ಲಿನ ಟ್ರಿಪ್ಸಿನ್ ದ್ರಾವಣದಲ್ಲಿ ಇಡಿಟಿಎ ಎಂಬ ರಾಸಾಯನಿಕವೂ ಬೆರೆತಿತ್ತು. ಅದು ಕ್ಯಾಲ್ಸಿಯಂ ಅನ್ನು ಹಿಡಿದು ಕಟ್ಟಿಹಾಕುವಂಥದು. ಅಂದರೆ ಕ್ಯಾಲ್ಸಿಯಂ ಜೊತೆಗಿದ್ದರೆ ಮಾತ್ರ ಕಿಣ್ವದ ಬಾಯಿಂದ ಉಳಿದುಕೊಳ್ಳುವ ಯಾವುದೋ ಒಂದು ಪ್ರೋಟೀನು ಕೋಶದ ಮೇಲಿದೆ, ಕೂಡಿಸುವುದು ಅದೇ. ಈ ಜಾಡು ಹಿಡಿದು ಹೋದ ತಾಕೇಚಿ 1984ರಲ್ಲಿ ಅದಕ್ಕೆ ಕ್ಯಾಡ್‌ಹೆರಿನ್ ಎಂದು ಹೆಸರಿಟ್ಟರು. ಕ್ಯಾಲ್ಸಿಯಂನ ಮೊದಲಕ್ಷರ ಸೇರಿಸಿ ಮಾಡಿದ ಹೆಸರು ಅದು. ಬಾಟಲಿಯ ಚೀಟಿ ಓದದೆ ಬಿಟ್ಟಿದ್ದರೆ ಏನಾಗುತ್ತಿತ್ತೋ! ನಮ್ಮ ಪ್ರಯೋಗಾಲಯದ ಮಕ್ಕಳಿಗೆ ಈ ಕತೆಯನ್ನು ನಾನು ಮತ್ತೆ ಮತ್ತೆ ಹೇಳುತ್ತಿದ್ದೆ.

ಕ್ಯಾಡ್‌ಹೆರಿನ್ ಕೋಶದ ಪೊರೆಯಿಂದ ಹೊರಗೆ ಚಾಚಿದ ಕೈ. ಪಕ್ಕದ ಕೋಶದಿಂದಲೂ ಅಂಥದೇ ಕೈ ಬಂದು ಇದನ್ನು ಹಿಡಿಯುತ್ತದೆ. ಪೊರೆಯ ಒಳಬದಿಯಲ್ಲಿ ಬೀಟಾ ಕ್ಯಾಟೆನಿನ್, ಅದರ ಹಿಂದೆ ಆಲ್ಫಾ ಕ್ಯಾಟೆನಿನ್, ಅದರ ಹಿಂದೆ ಆಕ್ಟಿನ್ ಎಳೆ. ತೇರಿನ ಮಿಣಿ ಹಿಡಿದ ಜನರ ಸಾಲನ್ನು ನೆನೆಸಿಕೊಂಡರೆ ಸಾಕು. ಆಕ್ಟಿನ್ ಎಳೆಗಳನ್ನು ಮಯೋಸಿನ್ ಎಂಬ ಪುಟ್ಟ ಯಂತ್ರಗಳು ಸದಾ ಜಗ್ಗುತ್ತಿರುತ್ತವೆ. ಈ 'ಸದಾ' ಎಂಬ ಮಾತನ್ನು ಗಮನಿಸಿ. ನೀವು ಅಲ್ಲಾಡದೆ ಕೂತು ರೇಡಿಯೋ ಕೇಳುತ್ತಿರುವಾಗಲೂ ನಿಮ್ಮ ಕರುಳಿನ, ತುಟಿಯ, ಕಣ್ಣಿನ ಕೋಶಗಳು ನೆರೆಯವನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಳ್ಳುತ್ತಿವೆ, ನೆರೆಯವು ಇವನ್ನು ಎಳೆಯುತ್ತಿವೆ. ಅದಕ್ಕಾಗಿ ನಿಮ್ಮ ರೊಟ್ಟಿಯ ಶಕ್ತಿ ಖರ್ಚಾಗುತ್ತಿದೆ.

ಸುಮ್ಮನಿದ್ದಾಗ ಯಾಕೆ ಜಗ್ಗಬೇಕು?

ಕೂಡ್ಲಿಗಿ ಕಡೆಯ ಆಳದ ಬಾವಿಗಳಲ್ಲಿ ನೀರು ಸೇದಿದವರಿಗೆ ಉತ್ತರ ಗೊತ್ತಿದೆ. ಕೊಡ ಇಳಿಸುತ್ತೇವೆ. ತಳ ಕಾಣುವುದಿಲ್ಲ, ಕತ್ತಲೆ. ಕೊಡ ಮುಳುಗಿತೋ ಇಲ್ಲವೋ, ತುಂಬಿತೋ ಇಲ್ಲವೋ ತಿಳಿಯುವುದು ಹೇಗೆ? ಹಗ್ಗವನ್ನು ಒಂದಿಷ್ಟು ಜಗ್ಗಿ ನೋಡುತ್ತೇವೆ. ಹಗುರ ಬಂದರೆ ಇನ್ನೂ ತೇಲುತ್ತಿದೆ, ಕೈಗೆ ಭಾರ ಹತ್ತಿದರೆ ತುಂಬಿದೆ. ಸಡಿಲ ಬಿಟ್ಟ ಹಗ್ಗ ಯಾವ ಸುದ್ದಿಯನ್ನೂ ಹೇಳುವುದಿಲ್ಲ. ಜೀವಕೋಶಕ್ಕೂ ಕಣ್ಣಿಲ್ಲ. ಪಕ್ಕದಲ್ಲಿ ನೆರೆಯವನಿದ್ದಾನೋ, ಗಟ್ಟಿಯಾಗಿ ಹಿಡಿದಿದ್ದಾನೋ, ಸತ್ತು ಜಾರುತ್ತಿದ್ದಾನೋ ಎಂಬುದನ್ನು ಅದು ಜಗ್ಗಿಯೇ ತಿಳಿಯಬೇಕು.

ಜಗ್ಗಿದ್ದು ಒಳಗೆ ಸುದ್ದಿಯಾಗುವುದು ಹೇಗೆ ಎಂಬುದಕ್ಕೆ 2010ರಲ್ಲಿ ಒಂದು ಉತ್ತರ ಸಿಕ್ಕಿತು. ಜಪಾನಿನ ಕೋಬೆಯಲ್ಲಿ ಶಿಗೆನೊಬು ಯೊನೆಮುರಾ ಮತ್ತು ಸಂಗಡಿಗರು ನಡೆಸಿದ ಕೆಲಸ ಅದು. ನಮ್ಮ ಕಡೆಯ ಹಿರಿಯರ ಎಲೆ-ಅಡಿಕೆ ಸಂಚಿ ನೋಡಿದ್ದೀರಲ್ಲ? ಮಡಚಿಟ್ಟಾಗ ಅದೊಂದು ಬಟ್ಟೆಯ ಮುದ್ದೆ. ಎರಡೂ ಕಡೆ ಹಿಡಿದು ಎಳೆದರೆ ಬಾಯಿ ತೆರೆದು ಒಳಗಿನ ಪದರ, ಸುಣ್ಣದ ಡಬ್ಬಿ ಇಡುವ ಕಿರುಜೇಬು ಎಲ್ಲ ಕಾಣುತ್ತವೆ. ಆಲ್ಫಾ ಕ್ಯಾಟೆನಿನ್ ಅಂಥದೇ ಸಂಚಿ. ಒಂದು ತುದಿಯನ್ನು ಕ್ಯಾಡ್‌ಹೆರಿನ್, ಇನ್ನೊಂದು ತುದಿಯನ್ನು ಆಕ್ಟಿನ್ ಹಿಡಿದು ಎಳೆದಾಗ ಅದು ಬಿಚ್ಚಿಕೊಂಡು ಒಳಗೆ ಮುಚ್ಚಿದ್ದ ಒಂದು ಜಾಗ ತೆರೆಯುತ್ತದೆ. ಅಲ್ಲಿಗೆ ವಿಂಕ್ಯುಲಿನ್ ಎಂಬ ಮತ್ತೊಂದು ಪ್ರೋಟೀನು ಬಂದು ಕೂಡುತ್ತದೆ. ಬಂದದ್ದು ಬರಿಗೈಯಲ್ಲಿ ಬರುವುದಿಲ್ಲ, ತನ್ನ ಜೊತೆ ಇನ್ನಷ್ಟು ಆಕ್ಟಿನ್ ಎಳೆಗಳನ್ನು ಕಟ್ಟಿಕೊಂಡು ಬರುತ್ತದೆ. ಎಳೆತ ಎಲ್ಲಿ ಹೆಚ್ಚೋ ಅಲ್ಲಿ ಮಿಣಿ ದಪ್ಪವಾಗುತ್ತದೆ. ಬಿಚ್ಚಿಕೊಂಡ ಸಂಚಿಯನ್ನು ಮಾತ್ರ ಗುರುತಿಸುವ ಒಂದು ಪ್ರತಿಕಾಯವನ್ನು ಅವರು ಬಳಸಿದ್ದರು. ಔಷಧ ಹಾಕಿ ಮಯೋಸಿನ್ನಿನ ಜಗ್ಗಾಟ ನಿಲ್ಲಿಸಿದಾಗ ಕೋಶದ ಅಂಚುಗಳಲ್ಲಿದ್ದ ಆ ಗುರುತಿನ ಹೊಳಪು ಮಾಸಿತು. ಎಳೆತ ನಿಂತರೆ ಸಂಚಿ ಮತ್ತೆ ಮಡಚಿಕೊಳ್ಳುತ್ತದೆ.

ಆ ಸಂಚಿ ಬಿಚ್ಚಲು ಎಷ್ಟು ಬಲ ಬೇಕು? ಸಿಂಗಪುರದ ಮೆಕಾನೊಬಯಾಲಜಿ ಸಂಸ್ಥೆಯವರು 2014ರಲ್ಲಿ ಒಂದೊಂದೇ ಅಣುವನ್ನು ಎಳೆದು ಅಳೆದಾಗ ಸುಮಾರು 5 ಪಿಕೋನ್ಯೂಟನ್ ಎಂದು ಬಂತು. ನೂರು ಗ್ರಾಂ ಚಹಾಪುಡಿಯ ಪೊಟ್ಟಣ ಅಂಗೈಯನ್ನು ಒತ್ತುವ ಬಲ ಹೆಚ್ಚುಕಡಿಮೆ ಒಂದು ನ್ಯೂಟನ್. ಅದನ್ನು ಒಂದು ಲಕ್ಷ ಕೋಟಿ ಪಾಲು ಮಾಡಿ, ಐದು ಪಾಲು ತೆಗೆದುಕೊಳ್ಳಿ. ಅಷ್ಟಕ್ಕೇ ಸಂಚಿಯ ಬಾಯಿ ತೆರೆಯುತ್ತದೆ.

ಇದಕ್ಕಿಂತ ಹೆಚ್ಚು ನನ್ನನ್ನು ಬೆರಗುಗೊಳಿಸಿದ ಸಂಗತಿ ಇನ್ನೊಂದಿದೆ. ಸಾಮಾನ್ಯವಾಗಿ ಯಾವ ಹಿಡಿತವಾದರೂ ಎಳೆದಷ್ಟೂ ಬೇಗ ಬಿಡುತ್ತದೆ. ಅಂಟಿಸಿದ ಚೀಟಿ ಎಳೆದರೆ ಕಿತ್ತು ಬರುತ್ತದೆ. 2014ರಲ್ಲೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕ್ಯಾಡ್‌ಹೆರಿನ್, ಕ್ಯಾಟೆನಿನ್‌ಗಳ ಜೋಡಣೆ ಆಕ್ಟಿನ್ ಎಳೆಯನ್ನು ಎಷ್ಟು ಹೊತ್ತು ಹಿಡಿದಿರುತ್ತದೆ ಎಂದು ನೋಡಿದರು. ಎಳೆಯದೆ ಇದ್ದಾಗ ಅದು ಹಿಡಿದಂತೆ ಮಾಡಿ ಬಿಟ್ಟುಬಿಡುತ್ತಿತ್ತು. ಎಳೆದರೆ ಒಂದು ಮಿತಿಯವರೆಗೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು! ನಮ್ಮಲ್ಲಿ ಇದಕ್ಕೆ ಹೋಲಿಕೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಜೀರುಗುಣಿಕೆ ಹಾಕಿ ಕರುವನ್ನು ಕಟ್ಟಿ ನೋಡಿ. ಸುಮ್ಮನೆ ನಿಂತರೆ ಗಂಟು ಸಡಿಲ, ಕರು ಜಗ್ಗಿದಷ್ಟೂ ಬಿಗಿ. ಮಿತಿ ಮೀರಿ ಜಗ್ಗಿದರೆ ಮಾತ್ರ ಹಗ್ಗವೇ ಹರಿಯುತ್ತದೆ.

ಕಬ್ಬಿಣಕ್ಕೆ ಈ ಗುಣವಿಲ್ಲ. ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಪ್ಪಗಳು ಸರಪಳಿ ಹರಿಯುವ ಪವಾಡ ನೋಡಿದ್ದೀರಿ. ಜಗ್ಗುವವರ ಭಕ್ತಿ ಏನೇ ಇರಲಿ, ಸರಪಳಿಯ ಕೊಂಡಿಗೆ ತನ್ನ ಮೇಲೆ ಬಿದ್ದ ಎಳೆತ ತಿಳಿಯುವುದಿಲ್ಲ. ತಿಳಿದು ದಪ್ಪವಾಗುವುದೂ ಇಲ್ಲ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರು ಉರುಳಿದ್ದನ್ನು ಕಣ್ಣಾರೆ ಕಂಡವರು ಇಂದಿಗೂ ಆ ಸದ್ದನ್ನು ನೆನೆಸಿಕೊಳ್ಳುತ್ತಾರೆ. ಮರ, ಕಬ್ಬಿಣಗಳ ಮೇಲೆ ಬಿದ್ದ ಭಾರವನ್ನು ಅವುಗಳ ಪರವಾಗಿ ನಾವೇ ಮುಟ್ಟಿ, ತಟ್ಟಿ, ಅಳೆದು ನೋಡಬೇಕು. ಜೀವಕೋಶದ ಕೊಂಡಿ ಈ ತಪಾಸಣೆಯನ್ನು ತಾನೇ ಮಾಡಿಕೊಳ್ಳುತ್ತದೆ.

ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದ ಒಂದು ಪ್ರಯೋಗವಿದೆ. ಕಾಂತಕ್ಕೆ ಸ್ಪಂದಿಸುವ ಸಣ್ಣ ಮಣಿಗಳಿಗೆ ಕ್ಯಾಡ್‌ಹೆರಿನ್ ಹಚ್ಚಿ ಕೋಶದ ಮೇಲೆ ಬಿಡುತ್ತಾರೆ. ಕೋಶ ಅದನ್ನೇ ನೆರೆಯವನ ಕೈ ಎಂದು ನಂಬಿ ಹಿಡಿಯುತ್ತದೆ. ಹೊರಗಿನಿಂದ ಕಾಂತಕ್ಷೇತ್ರದಲ್ಲಿ ಮಣಿಯನ್ನು ತಿರುಚಿದರೆ ಮೊದಲು ಅದು ಸಲೀಸಾಗಿ ತಿರುಗುತ್ತದೆ. ತಿರುಚುತ್ತ ಹೋದಂತೆ ಕೋಶ ಬಿಗಿಯಾಗಿ, ಮಣಿ ತಿರುಗುವುದು ಕಡಿಮೆಯಾಗುತ್ತದೆ. ವಿಂಕ್ಯುಲಿನ್ ಇಲ್ಲದ ಕೋಶದಲ್ಲಿ ಆ ಬಿಗಿ ಅಷ್ಟಾಗಿ ಬರುವುದಿಲ್ಲ.

ನಮ್ಮ ಕರ್ನಾಟಕದಲ್ಲೂ ಎಳೆತದ ಕೆಲಸ ನಡೆದಿದೆ. ಸಿ.ವಿ. ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪ್ರಮೋದ್ ಪುಲ್ಲರ್ಕಟ್ ಅವರ ತಂಡ, ಪುಣೆಯ ಐಸರ್ ಸಂಸ್ಥೆಯ ಔರ್ನಬ್ ಘೋಷ್ ಅವರ ತಂಡದೊಂದಿಗೆ ಸೇರಿ, ಕೋಳಿಯ ಭ್ರೂಣದ ನರಕೋಶಗಳನ್ನು ತೆಗೆದುಕೊಂಡಿತು. ನರಕೋಶದ ಉದ್ದ ಬಾಲವನ್ನು ತೆಳುವಾದ ಗಾಜಿನ ಎಳೆಯೊಂದರಿಂದ ತಳ್ಳಿ, ಎಳೆ ಎಷ್ಟು ಬಾಗಿತು ಎಂಬುದರಿಂದ ಬಾಲದ ಬಿಗಿ ಅಳೆದರು. ಬಾಲದ ಒಳಗಿನ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ಮಡಿಕೆಗಳು ಎಳೆದಾಗ ಬಿಚ್ಚಿ, ಬಿಟ್ಟಾಗ ಮಡಚಿ, ಮೋಟಾರು ಸೈಕಲ್ಲಿನ ಶಾಕ್ ಅಬ್ಸಾರ್ಬರಿನಂತೆ ಕೆಲಸ ಮಾಡುತ್ತವೆ ಎಂದು 2020ರಲ್ಲಿ ಪ್ರಕಟಿಸಿದರು. ಇದು ನೆರೆಕೋಶದ ಹಿಡಿತದ ಕತೆಯಲ್ಲ, ಒಂದೇ ಕೋಶ ತನ್ನೊಳಗೆ ಎಳೆತ ತಾಳುವ ಕತೆ. ಆದರೆ ಮಡಚಿದ್ದು ಬಿಚ್ಚುವ ಉಪಾಯ ಅಲ್ಲೂ ಇದೆ. ಕೊಟ್ಟೂರಿಗೆ ನಡೆಯುವಾಗ ಪ್ರತಿ ಸಲ ಮೊಣಕಾಲು ಮಡಚಿದಾಗಲೂ ಕಾಲಿನ ನರ ಹಿಗ್ಗುತ್ತದೆ, ಕುಗ್ಗುತ್ತದೆ. ಹರಿಯುವುದಿಲ್ಲ.

ಹಿಡಿತ ಗಟ್ಟಿಯಾಗುವುದಷ್ಟೇ ಎಳೆತದ ಫಲವಲ್ಲ. ಕೋಶಪೊರೆಯಲ್ಲಿ ಪಿಯೆಜೊ ಎಂಬ ಬಾಗಿಲುಗಳಿವೆ. ಪೊರೆ ಹಿಗ್ಗಿದರೆ ತೆರೆಯುತ್ತವೆ, ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. 2010ರಲ್ಲಿ ಇವನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಬಂತು, ಡೇವಿಡ್ ಜೂಲಿಯಸ್ ಜೊತೆಗೆ. ಅಮೆರಿಕದ ಯೂಟಾದಲ್ಲಿ ಜೋಡಿ ರೋಸೆನ್‌ಬ್ಲಾಟ್ ತಂಡ ಈ ಬಾಗಿಲುಗಳ ಬೆನ್ನುಹತ್ತಿತು. ತೇರುಬೀದಿಯಲ್ಲಿ ನೂಕುನುಗ್ಗಲಾದಾಗ ಕೆಲವರು ಪಕ್ಕದ ಕಟ್ಟೆ ಹತ್ತಿಬಿಡುತ್ತಾರಲ್ಲ, ಹಾಗೆ ಕೋಶಗಳ ಹಾಳೆಯಲ್ಲಿ ಒತ್ತಡ ಹೆಚ್ಚಾದಾಗ ನೆರೆಯ ಕೋಶಗಳು ಜೀವಂತ ಕೋಶಗಳನ್ನೇ ಮೇಲಕ್ಕೆ ತಳ್ಳಿ ಹೊರಹಾಕುತ್ತವೆ. ಇದು 2012ರಲ್ಲಿ ತಿಳಿದದ್ದು. 2017ರಲ್ಲಿ ತಿಳಿದದ್ದು ಇದರ ಇನ್ನೊಂದು ಮಗ್ಗುಲು: ಹಾಳೆಯನ್ನು ಹಿಗ್ಗಿಸಿದರೆ ಕೋಶಗಳು ಒಡೆದು ಎರಡಾಗಲು ಶುರುಮಾಡುತ್ತವೆ. ಜಾಗ ಖಾಲಿಯಾಗಿದೆ ಎಂದು ಅವುಗಳಿಗೆ ಹೇಳಿದ್ದು ಎಳೆತ. ಪ್ಲಾಸ್ಟಿಕ್ ಸರ್ಜನ್‌ಗಳು ಈ ಗುಣವನ್ನು ಬಹಳ ಹಿಂದೆಯೇ ಕೆಲಸಕ್ಕೆ ಹಚ್ಚಿದ್ದಾರೆ. ಸುಟ್ಟ ಗಾಯದ ಪಕ್ಕದ ಒಳ್ಳೆಯ ಚರ್ಮದ ಕೆಳಗೆ ಸಿಲಿಕೋನ್ ಚೀಲ ಇಟ್ಟು, ವಾರವಾರ ಅದಕ್ಕೆ ಸ್ವಲ್ಪ ಸ್ವಲ್ಪ ಉಪ್ಪುನೀರು ತುಂಬಿ ಉಬ್ಬಿಸುತ್ತಾರೆ. ಮೇಲಿನ ಚರ್ಮ ಬರೀ ಹಿಗ್ಗುವುದಿಲ್ಲ, ಬೆಳೆಯುತ್ತದೆ. ಬೆಳೆದ ಚರ್ಮವನ್ನು ಗಾಯದ ಮೇಲೆ ಸರಿಸಿ ಹೊಲಿಯುತ್ತಾರೆ. ಆ ಹಿರಿಯರ ಅಂಗಾಲಿನ ಜಡ್ಡನ್ನೂ ವರ್ಷವರ್ಷದ ತಿಕ್ಕಾಟಕ್ಕೆ ಚರ್ಮ ಕೊಟ್ಟ ಉತ್ತರವೆಂದೇ ನಾನು ಈಗ ಓದಿಕೊಳ್ಳುತ್ತೇನೆ. ನನ್ನ ಕಾಲಿಗೆ ಆ ಪ್ರಶ್ನೆ ಬಂದದ್ದು ಒಂದೇ ದಿನದಲ್ಲಿ, ಉತ್ತರ ತಯಾರಿರಲಿಲ್ಲ.

ಹಿಡಿತ ತಪ್ಪಿದರೆ ಆಗುವ ಕೇಡೂ ಸಣ್ಣದಲ್ಲ. ನ್ಯೂಜಿಲೆಂಡಿನ ಮಾವೊರಿ ಮನೆತನವೊಂದರಲ್ಲಿ ತಲೆತಲಾಂತರದಿಂದ ಎಳೆಯ ವಯಸ್ಸಿಗೇ ಹೊಟ್ಟೆಯ ಕ್ಯಾನ್ಸರ್ ಬರುತ್ತಿತ್ತು. ಕ್ಯಾಡ್‌ಹೆರಿನ್ನಿನ ಒಂದು ಜೀನು ಕೆಟ್ಟಿರುವುದೇ ಕಾರಣ ಎಂದು 1998ರಲ್ಲಿ ಗೊತ್ತಾಯಿತು. ಅಲ್ಲಿ ಗಡ್ಡೆ ಕಟ್ಟುವ ಬದಲು ಕೋಶಗಳು ಒಂದೊಂದಾಗಿ ಕೈಬಿಡಿಸಿಕೊಂಡು ಚದುರುತ್ತವೆ. ಪೆಂಫಿಗಸ್ ಎಂಬ ಕಾಯಿಲೆಯಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಆಗಲೇ ಹೇಳಿದ ಡೆಸ್ಮೋಸೋಮಿನ ಕೊಂಡಿಗಳ ಮೇಲೆ ತಿರುಗಿಬೀಳುತ್ತದೆ. ನಡೆಯದೆ, ಉಜ್ಜದೆ ಬಾಯಲ್ಲಿ, ಮೈಮೇಲೆ ಗುಳ್ಳೆ ಎದ್ದು ಒಡೆಯುತ್ತ ಹೋದರೆ ಮನೆಮದ್ದು ಮಾಡುತ್ತ ಕೂರಬೇಡಿ, ಚರ್ಮರೋಗದ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯವರು ಪಾದಯಾತ್ರೆ ಹೊರಟರೆ ರಾತ್ರಿ ಟಾರ್ಚು ಹಿಡಿದು ಅಂಗಾಲು ನೋಡಿಕೊಳ್ಳಬೇಕು. ಕೋಶಗಳಿಗೆ ಎಳೆತ ಗೊತ್ತಾಗಿರುತ್ತದೆ, ಆದರೆ ನರ ಸೋತಿದ್ದರೆ ಸುದ್ದಿ ನಿಮಗೆ ಮುಟ್ಟುವುದಿಲ್ಲ.

ಇನ್ನು ಆ ಹಿರಿಯರು ಹೇಳಿದ 'ಕೂಡಿಕೆಂತತಿ' ಎಂಬ ಮಾತು. 1992ರಲ್ಲಿ ಪಾಲ್ ಮಾರ್ಟಿನ್ ಮತ್ತು ಜೂಲಿಯನ್ ಲೂಯಿಸ್ ಕೋಳಿಯ ಭ್ರೂಣದ ರೆಕ್ಕೆಯಲ್ಲಿ ಮಾಡಿದ ಸಣ್ಣ ಗಾಯದ ಅಂಚನ್ನು ನೋಡಿದರು. ಅಂಚಿನ ಕೋಶಗಳಲ್ಲೆಲ್ಲ ಆಕ್ಟಿನ್ನಿನ ದಪ್ಪ ಎಳೆ, ಒಂದು ಕೋಶದಿಂದ ಇನ್ನೊಂದಕ್ಕೆ ಕೂಡುಗೆಗಳ ಮೂಲಕ ಹಾದು, ಗಾಯದ ಸುತ್ತ ಒಂದೇ ಉಂಗುರವಾಗಿತ್ತು. ಉಂಗುರ ಬಿಗಿದಂತೆ ಗಾಯದ ಬಾಯಿ ಮುಚ್ಚುತ್ತದೆ, ಸಂಚಿಯ ಲಾಡಿ ಎಳೆದ ಹಾಗೆ. ದೊಡ್ಡವರ ಚರ್ಮದಲ್ಲಿ ಹೆಚ್ಚಾಗಿ ನಡೆಯುವುದು ಬೇರೆ ರೀತಿ: ಅಂಚಿನ ಕೋಶಗಳು ಮುಂದಕ್ಕೆ ತೆವಳುತ್ತವೆ, ಹಿಂದಿನವು ಅವುಗಳ ಕೈ ಬಿಡದೆ ಬರುತ್ತವೆ. ಯಾವ ಕಡೆ ಹೋಗಬೇಕೆಂದು ಹಿಂದಿನ ಕೋಶಕ್ಕೆ ತಿಳಿಸುವುದರಲ್ಲಿ ಮುಂದಿನದರ ಎಳೆತಕ್ಕೂ ಪಾಲಿದೆ. ಗುಳ್ಳೆಯ ಮೇಲಿನ ತೊಗಲು ಅಷ್ಟು ದಿನ ಧೂಳು ತಾಗದಂತೆ, ಕೀವು ಆಗದಂತೆ ಮುಚ್ಚಳವಾಗಿ ಕೂತಿರುತ್ತದೆ.

ಹಡಗಲಿಯಲ್ಲಿ ನನ್ನ ಸೋದರತ್ತೆಯ ಮನೆ. ಜಿಐ ಗುರುತು ಪಡೆದ ಹಡಗಲಿ ಮಲ್ಲಿಗೆ ಅವರ ಹಿತ್ತಲಲ್ಲೂ ಇತ್ತು. ಆ ಸಲ ತೇರು ಮುಗಿಸಿ ಕುಂಟುತ್ತ ಅಲ್ಲಿಗೆ ಹೋಗಿದ್ದೆ. ಸಂಜೆ ಕರೆಂಟು ಹೋಗಿತ್ತು. ಅತ್ತೆ ಕತ್ತಲಲ್ಲೇ ಕೂತು ಹೂ ಕಟ್ಟುತ್ತಿದ್ದರು. ದಾರದ ತುದಿ ಕಾಲ ಹೆಬ್ಬೆರಳಿಗೆ ಸುತ್ತಿತ್ತು. ಎರಡು ಮೊಗ್ಗು ಈಚೆ, ಎರಡು ಮೊಗ್ಗು ಆಚೆ, ಒಂದು ಸುತ್ತು, ಒಂದು ಗಂಟು, ಗಂಟಿಗೊಮ್ಮೆ ಒಂದು ಸಣ್ಣ ಜಗ್ಗು.

"ಕಾಣ್ದಂಗ ಹೆಂಗ ಕಟ್ತೀ ಅತ್ತೀ?" ಎಂದೆ.

"ಕಣ್ಣಿಂದೇನೈತೋ ಇದರಾಗ? ಬಾಳ ಬಿಗೀ ಎಳದ್ರ ತೊಟ್ಟು ಕಡೀತತಿ, ಸಡ್ಲ ಬಿಟ್ರ ಹೂವು ಜಾರ್ತತಿ. ಬೆರಳಿಗೆ ಗೊತ್ತಾಕತಿ ಬಿಡು" ಎಂದರು. ಮಾತಾಡುತ್ತಲೇ ಇನ್ನೊಂದು ಗಂಟು ಬಿತ್ತು.

ಮನೆಗೆ ಬಂದ ನಾಲ್ಕೈದು ದಿನಕ್ಕೆ ನನ್ನ ಗುಳ್ಳೆ ಬತ್ತಿ, ಮೇಲಿನ ತೊಗಲು ಉಳ್ಳಾಗಡ್ಡಿ ಸಿಪ್ಪೆಯಂತೆ ಎದ್ದು ಬಂತು. ಕೆಳಗೆ ತಿಳಿಗೆಂಪಿನ ಹೊಸ ಚರ್ಮ. ಹೆಬ್ಬೆರಳಿನಿಂದ ಒತ್ತಿ, ಪಕ್ಕಕ್ಕೆ ಸ್ವಲ್ಪ ಎಳೆದು ನೋಡಿದೆ. ಬಂತು, ಬಿಟ್ಟಾಗ ತನ್ನ ಜಾಗಕ್ಕೆ ಮರಳಿತು.